ಮುಚ್ಚಿಟ್ಟ ಗಂಟು, ಹಿಗ್ಗಿದ ಗಾಯ: ಮುಶೈರಿಬ್‌ನ ನೆಲೆಯಿಂದ ಸ್ತನ ಶಸ್ತ್ರಚಿಕಿತ್ಸೆಯ ಚರಿತ್ರೆ

ಕತಾರ್ ದೇಶದ ರಾಜಧಾನಿ ದೋಹಾದ ಹಳೆಯ ಕೇರಿಗಳಲ್ಲಿ ಒಂದಾದ ಮುಶೈರಿಬ್, ಮಳೆ ಸುರಿದಾಗ ಮಾತ್ರ ನೀರು ಹರಿಯುವ ತಗ್ಗೊಂದರ ಇಕ್ಕೆಲಗಳಲ್ಲಿ, ಸಿಹಿನೀರಿನ ಬಾವಿಯ ಆಸರೆಯಿಂದ ಬೆಳೆದ ವಸತಿ. ಸೂಕ್ ವಾಖಿಫ್ ಮಾರುಕಟ್ಟೆಗೂ ಅಮೀರರ ಆಡಳಿತ ಕಚೇರಿಯಾದ ಅಮೀರಿ ದಿವಾನಕ್ಕೂ ಹತ್ತಿರದಲ್ಲಿರುವ ಈ ಕೇರಿಯ ಚರಿತ್ರೆಯನ್ನು ಮುತ್ತಿನ ವ್ಯಾಪಾರ, ತೈಲ, ವಿದ್ಯುತ್ತು, 2010ರಲ್ಲಿ ಶುರುವಾದ ಪುನರ್ನಿರ್ಮಾಣ ಎಂಬ ಘಟ್ಟಗಳಲ್ಲಿ ಹೇಳುವುದು ರೂಢಿ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರು ಆ ಬಳಿಕ ತಮ್ಮ ದೇಹದೊಡನೆ ಹೇಗೆ ಬಾಳಿದರು ಎಂಬ ಪ್ರಶ್ನೆ ಈ ಘಟ್ಟಗಳಿಂದ ದೂರದ್ದೆಂದು ಮೇಲ್ನೋಟಕ್ಕೆ ತೋರಿದರೂ ಅವುಗಳೊಡನೆ ಗಾಢವಾಗಿ ಹೆಣೆದುಕೊಂಡಿದೆ. ಏಕೆಂದರೆ ಆ ಬಾಳುವೆಯನ್ನು ರೂಪಿಸುವುದರಲ್ಲಿ ಹೆಂಗಸಿನ ಮನೋಬಲಕ್ಕೆ ಇದ್ದಷ್ಟೇ ಪಾತ್ರ ಮನೆಯ ಕಟ್ಟೋಣಕ್ಕೆ, ಆಸ್ಪತ್ರೆಯ ದೂರಕ್ಕೆ, ಪರೀಕ್ಷಿಸುವ ವೈದ್ಯರು ಗಂಡಸರೋ ಹೆಂಗಸರೋ ಎಂಬುದಕ್ಕೆ, ಶಸ್ತ್ರ ಎಷ್ಟು ಆಳಕ್ಕೆ ಇಳಿಯಿತೆಂಬುದಕ್ಕೆ ಮತ್ತು ಗಾಯದ ಮೇಲೆ ಉಡುವ ಬಟ್ಟೆಗೆ ಇತ್ತು.

ಮನಶ್ಶಾಸ್ತ್ರದಲ್ಲಿ ದೇಹಬಿಂಬ ಎಂದು ಕರೆಯುವುದು, ಮನುಷ್ಯ ತನ್ನ ದೇಹದ ಬಗ್ಗೆ ಮನಸ್ಸಿನಲ್ಲಿ ಕಟ್ಟಿಕೊಂಡಿರುವ ಚಿತ್ರವನ್ನು. ವಿಯೆನ್ನಾದಲ್ಲಿ ಕಲಿತು ಅಮೆರಿಕೆಯಲ್ಲಿ ನೆಲೆಸಿದ ಮನೋವೈದ್ಯ ಪಾಲ್ ಶಿಲ್ಡರ್ 1935ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಿತ್ರ ಕೇವಲ ನರಮಂಡಲದ ಸೃಷ್ಟಿಯಾಗಿರದೆ ಸುತ್ತಲಿನವರ ಕಣ್ಣುಗಳಿಂದಲೂ ರೂಪುಗೊಳ್ಳುತ್ತದೆಂದು ವಾದಿಸಿದ್ದನು. ಈ ಮಾತನ್ನು ಒಪ್ಪುವುದಾದರೆ ಸ್ತನವನ್ನು ಕಳೆದುಕೊಂಡ ಹೆಂಗಸಿನ ದೇಹಬಿಂಬದ ಚರಿತ್ರೆಯನ್ನು ಅವಳ ದೇಹವನ್ನು ಯಾರು ನೋಡುತ್ತಿದ್ದರು, ಯಾರು ನೋಡಬಾರದಾಗಿತ್ತು ಎಂಬ ಪ್ರಶ್ನೆಯಿಂದ ಆರಂಭಿಸುವುದು ಸರಿ.

ಮುಶೈರಿಬ್‌ನಲ್ಲಿ ಈ ಪ್ರಶ್ನೆಗೆ ಕಟ್ಟಡಗಳೇ ಅರ್ಧ ಉತ್ತರ ಕೊಡುತ್ತವೆ. ಅಲ್-ಜಸ್ರಾ ಮತ್ತು ಮುಶೈರಿಬ್ ಕೇರಿಗಳ ನಡುವೆ 1920ರ ದಶಕದಲ್ಲಿ ಕಟ್ಟಿದ, ಈಗ ವಸ್ತುಸಂಗ್ರಹಾಲಯವಾಗಿರುವ ರದ್ವಾನಿ ಮನೆ ಆ ಕಾಲದ ಕುಟುಂಬ ಜೀವನಕ್ಕೆ ಸಾಕ್ಷಿಯಾಗಿದೆ. ಮನೆಯ ನಡುವೆ ತೆರೆದ ಅಂಗಳ, ಅದರ ಸುತ್ತ ಕೋಣೆಗಳು, ಬೀದಿಯ ಕಡೆಗೆ ಬಹುಮಟ್ಟಿಗೆ ಕುರುಡಾದ ಗೋಡೆ, ಹೊರಗಿನ ಗಂಡಸರು ಕೂರುವ ಮಜ್ಲಿಸ್ ಎಂಬ ಕೋಣೆಗೆ ಒಳಮನೆಯಿಂದ ಬೇರ್ಪಟ್ಟ ಜಾಗ ಎಂಬ ಈ ವಿನ್ಯಾಸ ಮಲೆನಾಡು, ಹಳೆ ಮೈಸೂರಿನ ತೊಟ್ಟಿಮನೆಯನ್ನು ಬಲ್ಲ ಕನ್ನಡಿಗರಿಗೆ ಅಪರಿಚಿತವೇನಲ್ಲ. ಆದರೆ ಇಲ್ಲಿ ಗಂಡಸರ ಮತ್ತು ಹೆಂಗಸರ ವಲಯಗಳ ನಡುವಿನ ಗೆರೆ ಹೆಚ್ಚು ಬಿಗಿಯಾಗಿತ್ತು. ಒಳಮನೆಯಲ್ಲಿ ತಾಯಿ, ಅತ್ತೆ, ನಾದಿನಿ, ಸೊಸೆಯಂದಿರ ನಡುವೆ ದೇಹದ ಸಂಗತಿಗಳು ಗುಟ್ಟಾಗಿ ಉಳಿಯುವುದು ಕಷ್ಟವಾಗಿದ್ದರೆ, ಅದೇ ಸಂಗತಿ ಅಂಗಳ ದಾಟಿ ಗಂಡುವೈದ್ಯನ ಮುಂದೆ ಹೋಗುವುದು ಅದಕ್ಕಿಂತ ಕಷ್ಟವಾಗಿತ್ತು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ಹೆಂಗಸಿಗೆ ಆಗ ದೊರೆಯುತ್ತಿದ್ದುದು ಗಿಡಮೂಲಿಕೆಯ ಲೇಪ, ಹಿಜಾಮಾ ಎಂಬ ರಕ್ತ ತೆಗೆಯುವ ಕ್ರಮ, ಇವೆರಡೂ ಸೋತರೆ ಕಾಯ್ದ ಕಬ್ಬಿಣದ ಬರೆ. ಬರೆ ಹಾಕುವುದು ಕೊಲ್ಲಿಯ ಉದ್ದಕ್ಕೂ ಕೊನೆಯ ಮದ್ದೆಂದು ನಂಬಲಾಗಿದ್ದ ಚಿಕಿತ್ಸೆಯಾಗಿದ್ದು, ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ಬೇರೆ ಬೇರೆ ಬೇನೆಗಳಿಗೆ ಇದೇ ಉಪಾಯ ನಡೆಯುತ್ತಿತ್ತು; ಕ್ಯಾನ್ಸರಿನ ಗಂಟಿಗೆ ಅದರಿಂದ ಆಗುತ್ತಿದ್ದ ಲಾಭ ಏನೂ ಇರಲಿಲ್ಲ, ಕಾಲ ಮಾತ್ರ ಕಳೆಯುತ್ತಿತ್ತು.

ಮುಚ್ಚಿಡುವಿಕೆಗೆ ಈ ಕೊಲ್ಲಿಯ ಆಚೆ ದಡದಲ್ಲಿ ಬಹು ಹಳೆಯ ದಾಖಲೆಯೊಂದಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೊಟಸ್, ಪರ್ಷಿಯಾದ ಚಕ್ರವರ್ತಿ ದಾರಿಯಸ್‌ನ ರಾಣಿ ಅಟೋಸಾಳ ಎದೆಯಲ್ಲಿ ಗೆಡ್ಡೆಯೊಂದು ಎದ್ದುದನ್ನೂ, ಅದು ಚಿಕ್ಕದಾಗಿದ್ದಷ್ಟು ಕಾಲ ನಾಚಿಕೆಯಿಂದ ಅವಳು ಯಾರಿಗೂ ಹೇಳದೆ ಇದ್ದುದನ್ನೂ, ಅದು ಒಡೆದು ಹರಡತೊಡಗಿದ ಮೇಲೆ ಗ್ರೀಕ್ ವೈದ್ಯ ಡೆಮೊಸಿಡೀಸ್‌ನನ್ನು ಕರೆಸಿ ಗುಣಪಡಿಸಿಕೊಂಡುದನ್ನೂ ಬರೆಯುತ್ತಾನೆ. ಗುಣವಾಯಿತೆಂದರೆ ಅದು ಕ್ಯಾನ್ಸರ್ ಆಗಿರದೆ ಕೀವುಗಡ್ಡೆಯಾಗಿದ್ದಿರಬಹುದು ಎಂಬ ವಿದ್ವಾಂಸರ ಸಂಶಯ ನ್ಯಾಯವಾದದ್ದೇ. ಆದರೆ ಆ ಕಥನದಲ್ಲಿ ಗಮನಿಸಬೇಕಾದ್ದು ರೋಗದ ಹೆಸರಿಗಿಂತ, ಸಾಮ್ರಾಜ್ಯದ ರಾಣಿಗೂ ತಪ್ಪದ ಆ ನಾಚಿಕೆ. ಅರಬ್ಬಿ ವೈದ್ಯಗ್ರಂಥಗಳ ಪರಂಪರೆಯೂ ಶಸ್ತ್ರದ ವಿಷಯದಲ್ಲಿ ಎಚ್ಚರದಿಂದಲೇ ಮಾತಾಡಿದೆ. ಹತ್ತನೆಯ ಶತಮಾನದ ಕೊನೆಗೆ ಸ್ಪೇನಿನ ಕಾರ್ಡೋಬಾದಲ್ಲಿದ್ದ, ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಚಿತ್ರಸಹಿತ ವಿವರಿಸಿದ ಅಲ್-ಜಹ್ರಾವಿ, ಗೆಡ್ಡೆ ಹೊಸತಾಗಿ ಚಿಕ್ಕದಾಗಿದ್ದರೆ ಮಾತ್ರ ಪೂರ್ತಿ ಕಿತ್ತು ಬರೆ ಹಾಕಬಹುದೆಂದೂ, ಹಳತಾಗಿ ದೊಡ್ಡದಾದದ್ದನ್ನು ಮುಟ್ಟಬಾರದೆಂದೂ ಹೇಳಿ, ಅಂಥದ್ದನ್ನು ತಾನು ಗುಣಪಡಿಸಿದ್ದೂ ಇಲ್ಲ, ಬೇರೆಯವರು ಗುಣಪಡಿಸಿದ್ದನ್ನು ಕಂಡದ್ದೂ ಇಲ್ಲವೆಂದು ಒಪ್ಪಿಕೊಂಡನು. ಬೇಗ ಬಂದವರಿಗೆ ಸಣ್ಣ ಗಾಯ, ತಡವಾಗಿ ಬಂದವರಿಗೆ ಏನೂ ಇಲ್ಲ ಎಂಬ ಈ ಲೆಕ್ಕವನ್ನು ಮುಂದಿನ ಎಂಟು ಶತಮಾನಗಳು ಹೆಚ್ಚೇನೂ ಬದಲಿಸಲಿಲ್ಲ.

ಬದಲಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಅರಿವಳಿಕೆ ಮತ್ತು ಕ್ರಿಮಿನಿವಾರಣೆ. ಅವುಗಳ ಬಲದಿಂದ ಅಮೆರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಸಿದ್ಧಪಡಿಸಿದ ಆಮೂಲಾಗ್ರ ಸ್ತನಛೇದನ ಮುಂದಿನ ಸುಮಾರು ಎಂಬತ್ತು ವರ್ಷ ಜಗತ್ತಿನ ಶಸ್ತ್ರವೈದ್ಯರಿಗೆ ಮಾದರಿಯಾಯಿತು. ಈ ವಿಧಾನದಲ್ಲಿ ಸ್ತನದ ಜೊತೆಗೆ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ, ಕಂಕುಳಿನ ದುಗ್ಧಗ್ರಂಥಿಗಳನ್ನೂ (ದೇಹದ ದ್ರವವನ್ನು ಸೋಸುವ ಸಣ್ಣ ಗಂಟುಗಳನ್ನು) ಒಂದೇ ತುಂಡಾಗಿ ತೆಗೆಯುತ್ತಿದ್ದರು. ಗಾಯ ಮಾಗಿದ ಮೇಲೆ ಕಾಲರ್ ಮೂಳೆಯ ಕೆಳಗೆ ಹಳ್ಳ ಬೀಳುತ್ತಿತ್ತು, ಪಕ್ಕೆಲುಬುಗಳ ಮೇಲೆ ಚರ್ಮ ನೇರವಾಗಿ ಅಂಟಿಕೊಳ್ಳುತ್ತಿತ್ತು, ತೋಳನ್ನು ತಲೆಯ ಮೇಲೆತ್ತುವುದು ಕಷ್ಟವಾಗುತ್ತಿತ್ತು. ದ್ರವ ಇಳಿದುಹೋಗುವ ದಾರಿ ಮುಚ್ಚಿದ್ದರಿಂದ ಹಲವರಿಗೆ ಆ ಬದಿಯ ಕೈ ಊದಿ ಭಾರವಾಗುತ್ತಿತ್ತು. ದಶಕಗಳ ಮನಶ್ಶಾಸ್ತ್ರೀಯ ಬರಹಗಳು ಸ್ತ್ರೀತ್ವದ ನಷ್ಟವೆಂದು ವಿವರಿಸಿದ್ದರಲ್ಲಿ ಎಷ್ಟೋ ಭಾಗ ಈ ಹಳ್ಳದ, ಈ ಏಳದ ತೋಳಿನ, ಈ ಬಾವಿನ ಕತೆಯಾಗಿತ್ತೆಂಬುದನ್ನು ಮರೆಯಬಾರದು.

ಕೈಬಾವಿನ ಸಂಕಟವನ್ನು ಕನ್ನಡ ಸಮಾಜದ ಒಂದು ವಿವರದಲ್ಲಿ ಹತ್ತಿರದಿಂದ ನೋಡಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡ ಹೆಂಗಸಿಗೆ ಆ ಕೈಯಲ್ಲಿ ರಕ್ತದೊತ್ತಡ ನೋಡಿಸಬಾರದು, ಚುಚ್ಚುಮದ್ದು ಹಾಕಿಸಬಾರದು, ಭಾರದ ಕೊಡ ಎತ್ತಬಾರದು, ಬಿಗಿಯಾದ ಬಳೆ ತೊಡಬಾರದು ಎಂದು ಆಸ್ಪತ್ರೆಗಳು ಹೇಳಿಕೊಡುವ ಪಾಠ ದಶಕಗಳಿಂದ ನಡೆದುಬಂದಿದೆ. ನಾಲ್ಕನೆಯ ಎಚ್ಚರಿಕೆ ಕೇಳಲು ಸಣ್ಣದು. ಆದರೆ ಊದಿದ ಮುಂಗೈಯಿಂದ ಗಾಜಿನ ಬಳೆ ಇಳಿಯದಿದ್ದಾಗ ಅದನ್ನು ಒಡೆದೇ ತೆಗೆಯಬೇಕಾಗುತ್ತದೆ, ಮತ್ತು ಮುತ್ತೈದೆಯ ಕೈಬಳೆ ಒಡೆಯುವುದಕ್ಕೆ ನಮ್ಮ ಸಮಾಜ ಯಾವ ಅರ್ಥ ಹಚ್ಚಿದೆಯೆಂಬುದು ಯಾರಿಗೂ ಬಿಡಿಸಿ ಹೇಳಬೇಕಾದ್ದಲ್ಲ. ಒಂದು ಕೈ ಬರಿದಾಗಿ ಇನ್ನೊಂದು ಕೈ ತುಂಬಿ ಆರತಿ ತಟ್ಟೆ ಹಿಡಿಯುವ ಹೆಂಗಸಿನ ಮುಜುಗರ ಯಾವ ಪ್ರಶ್ನಾವಳಿಯಲ್ಲೂ ಸಿಗುವುದಿಲ್ಲ; ಎದೆಯನ್ನು ಸೆರಗು ಮುಚ್ಚಬಲ್ಲದು, ಕೈಯನ್ನು ಮುಚ್ಚುವುದಿಲ್ಲ.

ಮುಶೈರಿಬ್‌ಗೆ ಆಧುನಿಕ ವೈದ್ಯ ಬಂದದ್ದು ತೈಲದ ಕಾಲದ ಆಸುಪಾಸಿನಲ್ಲೇ. ಕತಾರಿನ ತೈಲ ಮೊದಲ ಸಲ ರಫ್ತಾದದ್ದು 1949ರ ಕೊನೆಗೆ. ಆ ತೈಲ ತೆಗೆದ ಕಂಪನಿಯ ಮೊದಲ ಕಚೇರಿಯಿದ್ದ ಮನೆ ಇಂದು ಕಂಪನಿ ಹೌಸ್ ಎಂಬ ಹೆಸರಿನಲ್ಲಿ ಮುಶೈರಿಬ್‌ನ ವಸ್ತುಸಂಗ್ರಹಾಲಯಗಳಲ್ಲಿ ಒಂದಾಗಿದೆ. ಅದಕ್ಕೆ ಸ್ವಲ್ಪ ಮೊದಲು, 1940ರ ದಶಕದಲ್ಲಿ, ಅರೇಬಿಯಾದ ಕರಾವಳಿಯಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಅಮೆರಿಕನ್ ಮಿಷನ್ನಿನ ವೈದ್ಯರು ದೋಹಾದಲ್ಲಿಯೂ ಕೆಲಸ ಶುರು ಮಾಡಿದ್ದರು. ಅವರಲ್ಲಿ 1934ರಿಂದ ಕುವೈತಿನಲ್ಲಿ ಹೆಂಗಸರಿಗೆ ಚಿಕಿತ್ಸೆ ನೀಡುತ್ತಿದ್ದ ಮೇರಿ ಬ್ರೂಯಿನ್ಸ್ ಆಲಿಸನ್ ಒಬ್ಬರು. ಅಂಗಳದ ಗೆರೆಯನ್ನು ದಾಟಿ ಒಳಮನೆಗೆ ಹೋಗಬಲ್ಲ ವೈದ್ಯೆಯೊಬ್ಬಳು ಊರಿನಲ್ಲಿದ್ದಾಳೆಂಬುದು ಔಷಧಿಗಿಂತ ದೊಡ್ಡ ಬದಲಾವಣೆಯಾಗಿತ್ತು ಎಂದರೆ ಅತಿಶಯವಾಗದು. ಇಂಥ ವೈದ್ಯೆಯರ ಕೆಲಸದ ಬಹುಭಾಗ ಹೆರಿಗೆಯೇ ಆಗಿದ್ದರೂ, ಹೆರಿಗೆಗೆಂದು ಬಾಗಿಲು ತೆರೆದ ಮನೆ ಎದೆಯ ಗಂಟಿಗೂ ಒಂದು ದಿನ ತೆರೆಯಬಹುದಾಗಿತ್ತು. 1957ರಲ್ಲಿ ಸರ್ಕಾರದ ರುಮೈಲಾ ಆಸ್ಪತ್ರೆ ಮುಶೈರಿಬ್‌ನ ಪಶ್ಚಿಮಕ್ಕೆ, ಕಡಲಿಗೆ ಹತ್ತಿರದಲ್ಲಿ ತೆರೆಯಿತು. ಇದೇ ಕಾಲದಲ್ಲಿ ಮುಶೈರಿಬ್‌ನ ಒಂದು ಬೀದಿಗೆ ನಗರದಲ್ಲಿ ಮೊದಲು ವಿದ್ಯುದ್ದೀಪ ಬಂದದ್ದರಿಂದ ಅದಕ್ಕೆ ಅಲ್-ಕಹರಬಾ, ಅಂದರೆ ವಿದ್ಯುತ್ತಿನ ಬೀದಿ, ಎಂಬ ಹೆಸರು ನಿಂತಿತು. ಕ್ಷಕಿರಣ ಯಂತ್ರವಾಗಲಿ ಶೀತಲ ಪೆಟ್ಟಿಗೆಯ ರಕ್ತವಾಗಲಿ ಇದೇ ವಿದ್ಯುತ್ತನ್ನು ನಂಬಿದ್ದವು.

ಆಸ್ಪತ್ರೆಗಳು ಬೆಳೆದಂತೆ ಅವುಗಳ ವಾರ್ಡುಗಳಲ್ಲಿ ಭಾರತದ ದಾದಿಯರು ತುಂಬಿಕೊಂಡರು. ಅವರಲ್ಲಿ ಕೇರಳದವರೇ ಬಹುಪಾಲು, ಮಂಗಳೂರು ಉಡುಪಿ ಕಡೆಯವರೂ ಇದ್ದರು. 1979ರಲ್ಲಿ ಹಮದ್ ವೈದ್ಯಕೀಯ ನಿಗಮ ಸ್ಥಾಪನೆಯಾಗಿ, 1982ರಲ್ಲಿ ಹಮದ್ ಜನರಲ್ ಆಸ್ಪತ್ರೆ, 1988ರಲ್ಲಿ ಮಹಿಳೆಯರ ಪ್ರತ್ಯೇಕ ಆಸ್ಪತ್ರೆ ಬಂದವು. ಕ್ಯಾನ್ಸರಿಗೇ ಮೀಸಲಾದ ಅಲ್-ಅಮಲ್ ಆಸ್ಪತ್ರೆ ಬರುವುದಕ್ಕೆ 2004 ಆಗಬೇಕಾಯಿತು, ಮುಂದೆ ಇದೇ ರಾಷ್ಟ್ರೀಯ ಕ್ಯಾನ್ಸರ್ ಆರೈಕೆ ಮತ್ತು ಸಂಶೋಧನಾ ಕೇಂದ್ರವೆನಿಸಿತು. ಅಷ್ಟರವರೆಗೆ ಸ್ಥಿತಿವಂತರು ಚಿಕಿತ್ಸೆಗೆ ವಿದೇಶದ ದಾರಿ ಹಿಡಿಯುತ್ತಿದ್ದರು. ಕ್ಯಾನ್ಸರಿನ ಮಟ್ಟಿಗೆ ಕರ್ನಾಟಕ ಇದಕ್ಕಿಂತ ಮುಂದಿತ್ತು: ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು, ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯಾದ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು, ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ನಡೆದಿದೆ. ಆ ನೋಂದಣಿಯ ಆರಂಭದ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದ್ದು, ಬಳಿಕ ಸ್ತನ ಕ್ಯಾನ್ಸರ್ ಅದನ್ನು ಹಿಂದೆ ಹಾಕಿತು. ಒಂದೇ ನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಗಳತೆಯಲ್ಲಿದ್ದುದರಿಂದ ರೋಗಿಗಳ ಮನಸ್ಸನ್ನು ಅಭ್ಯಸಿಸುವ ಮನೋ-ಅರ್ಬುದಶಾಸ್ತ್ರ ಎಂಬ ಶಾಖೆಗೆ ಬೆಂಗಳೂರು ಭಾರತದ ಆರಂಭಿಕ ನೆಲೆಗಳಲ್ಲಿ ಒಂದಾಯಿತು.

ಆ ಶಾಖೆಯ ಚರಿತ್ರೆ ಮುಶೈರಿಬ್‌ನಿಂದ ಬಹುದೂರದಲ್ಲಿ, ನ್ಯೂಯಾರ್ಕಿನಲ್ಲಿ ಆರಂಭವಾದದ್ದು. ಅಲ್ಲಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅರ್ಥರ್ ಸದರ್‌ಲ್ಯಾಂಡ್ ಮತ್ತು ಮಾರ್ಟನ್ ಬಾರ್ಡ್ 1955ರಲ್ಲಿ ಆಮೂಲಾಗ್ರ ಸ್ತನಛೇದನಕ್ಕೆ ಹೆಂಗಸರು ಹೊಂದಿಕೊಳ್ಳುವ ಬಗೆಯನ್ನು ಕುರಿತು ಪ್ರಕಟಿಸಿದ ಅಧ್ಯಯನ, ಶಸ್ತ್ರಚಿಕಿತ್ಸೆಯ ಮುನ್ನಿನ ಭೀತಿಯಿಂದ ಹಿಡಿದು ಮನೆಗೆ ಮರಳಿದ ಮೇಲಿನ ಸಂಕೋಚದವರೆಗೆ ಅವರ ಮಾತುಗಳನ್ನು ಮೊದಲ ಬಾರಿಗೆ ಗಂಭೀರವಾಗಿ ದಾಖಲಿಸಿದ ಬರಹಗಳಲ್ಲಿ ಒಂದು. ಅದಕ್ಕೂ ಮೊದಲೇ, ಅದೇ ಊರಿನಲ್ಲಿ ಸ್ತನ ಕಳೆದುಕೊಂಡ ಟೆರೀಸ್ ಲ್ಯಾಸರ್ ಎಂಬ ಗೃಹಿಣಿ ವೈದ್ಯರ ಅಸಮಾಧಾನವನ್ನೂ ಲೆಕ್ಕಿಸದೆ ಹೊಸ ರೋಗಿಗಳ ಹಾಸಿಗೆಯ ಬಳಿಗೆ ಹೋಗಿ, ತೋಳಿನ ವ್ಯಾಯಾಮಕ್ಕೆ ಹಗ್ಗ ಚೆಂಡನ್ನೂ ಒಳಉಡುಪಿಗೆ ತಾತ್ಕಾಲಿಕ ಕೃತಕ ಸ್ತನವನ್ನೂ ಕೊಟ್ಟು, ತಾನೇ ಸಾಕ್ಷಿಯಾಗಿ ನಿಂತು ಧೈರ್ಯ ಹೇಳುವ ಸೇವೆಯನ್ನು 1952ರಲ್ಲಿ ಆರಂಭಿಸಿದ್ದಳು. ಇದನ್ನು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1969ರಲ್ಲಿ ತನ್ನದಾಗಿಸಿಕೊಂಡಿತು. ಈ ಎರಡರಲ್ಲಿ ರೋಗಿಗಳಿಗೆ ಹೆಚ್ಚು ಉಪಯೋಗವಾದದ್ದು ಲ್ಯಾಸರಳ ಹಗ್ಗ ಚೆಂಡೇ ಎಂದು ಹೇಳಲು ಅಡ್ಡಿಯಿಲ್ಲ.

ನಿಭಾವಣೆ, ಎಂದರೆ ಕಷ್ಟವನ್ನು ಎದುರಿಸಿ ಅದರೊಡನೆ ಬಾಳುವ ಮನಸ್ಸಿನ ಕ್ರಮ, ಸಂಶೋಧನೆಯ ಮುಖ್ಯ ವಿಷಯವಾದದ್ದು 1970ರ ದಶಕದಲ್ಲಿ. ಲಂಡನ್ನಿನ ಸ್ಟೀವನ್ ಗ್ರೀರ್ ಮತ್ತು ಸಂಗಡಿಗರು 1979ರಲ್ಲಿ 69 ಹೆಂಗಸರ ಐದು ವರ್ಷಗಳ ಅನುಭವವನ್ನು ವರದಿಮಾಡಿ, ರೋಗದ ವಿರುದ್ಧ ಹೋರಾಟದ ಮನೋಭಾವ ತಾಳಿದವರೂ ರೋಗವನ್ನೇ ಅಲ್ಲಗಳೆದವರೂ ಉಳಿದವರಿಗಿಂತ ಹೆಚ್ಚು ಕಾಲ ರೋಗ ಮರುಕಳಿಸದೆ ಬದುಕಿದರೆಂದು ತಿಳಿಸಿದರು. ಪತ್ರಿಕೆಗಳಿಗೆ ಹೋರಾಟದ ಮನೋಭಾವ ಎಂಬ ಅರ್ಧ ಸಾಕಾಯಿತು, ಅಲ್ಲಗಳೆಯುವಿಕೆ ಎಂಬ ಇನ್ನರ್ಧವನ್ನು ಯಾರೂ ಎತ್ತಿ ಆಡಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 1999ರಲ್ಲಿ, ಮ್ಯಾಗಿ ವಾಟ್ಸನ್ ಅವರ ತಂಡ 578 ಹೆಂಗಸರ ಮೇಲೆ ಇದನ್ನೇ ಪರೀಕ್ಷಿಸಿದಾಗ ಹೋರಾಟದ ಮನೋಭಾವದಿಂದ ಆಯುಷ್ಯ ಹೆಚ್ಚಿದ ಕುರುಹು ಸಿಗಲಿಲ್ಲ. ತೀವ್ರ ಹತಾಶೆಗೂ ಕೆಡುಕಿಗೂ ಮಾತ್ರ ಮಿತವಾದ ಸಂಬಂಧ ಕಂಡಿತು. ಅಷ್ಟರಲ್ಲಿ ಗೆಲ್ಲುವುದು ಸೋಲುವುದು ರೋಗಿಯ ಛಲಕ್ಕೆ ಬಿಟ್ಟದ್ದೆಂಬ ಮಾತು ಆಸ್ಪತ್ರೆಯ ಗೋಡೆಬರಹಗಳಿಂದ ಬಂಧುಗಳ ಉಪದೇಶದವರೆಗೆ ಹಬ್ಬಿಯಾಗಿತ್ತು. ರೋಗ ಮರುಕಳಿಸಿದ ಹೆಂಗಸಿನ ಮೇಲೆ ಅವಳ ಛಲ ಸಾಲಲಿಲ್ಲವೆಂಬ ಹೊರೆಯನ್ನೂ ಹೊರಿಸಿದ ಈ ಬೋಧನೆ ವಿಜ್ಞಾನದ ವೇಷದಲ್ಲಿ ಬಂದ ಕಠೋರತೆಯಾಗಿತ್ತು.

ಇದರ ಬದಿಯಲ್ಲಿ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನಿಟ್ಟರೆ ಹೆಂಗಸರ ದೇಹಬಿಂಬವನ್ನು ನಿಜವಾಗಿ ಬದಲಿಸಿದ್ದು ಯಾವುದೆಂದು ಸ್ಪಷ್ಟವಾಗುತ್ತದೆ. ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ 1973ರಿಂದ 1980ರವರೆಗೆ ಸಣ್ಣ ಗೆಡ್ಡೆಯಿದ್ದ 701 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಾಲ್‌ಸ್ಟೆಡ್‌ನ ಛೇದನವನ್ನೂ ಇನ್ನೊಂದಕ್ಕೆ ಸ್ತನದ ಕಾಲುಭಾಗವನ್ನಷ್ಟೇ ತೆಗೆದು ವಿಕಿರಣ ಕೊಡುವ ಚಿಕಿತ್ಸೆಯನ್ನೂ ಮಾಡಿದರು. ಅಮೆರಿಕೆಯಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಇಂಥದೇ ಪರೀಕ್ಷೆ ಆರಂಭಿಸಿದರು. 2002ರಲ್ಲಿ ಇಬ್ಬರೂ ಪ್ರಕಟಿಸಿದ ಇಪ್ಪತ್ತು ವರ್ಷಗಳ ಫಲಿತಾಂಶದಲ್ಲಿ ಎರಡೂ ಬಗೆಯ ಹೆಂಗಸರ ಉಳಿವಿನ ಪ್ರಮಾಣ ಒಂದೇ ಆಗಿತ್ತು. ಈ ಎರಡು ಚಿಕಿತ್ಸೆಗಳ ಬಳಿಕದ ಮನಸ್ಥಿತಿಯನ್ನು ಹೋಲಿಸಿದವರಿಗೆ ಖಿನ್ನತೆ ಆತಂಕಗಳಲ್ಲಿ ನಿರೀಕ್ಷಿಸಿದಷ್ಟು ಅಂತರ ಕಾಣಲಿಲ್ಲ, ಏಕೆಂದರೆ ಸ್ತನ ಉಳಿದವರಿಗೂ ರೋಗ ಮರಳೀತೆಂಬ ಭಯ ಉಳಿದೇ ಇತ್ತು. ಆದರೆ ದೇಹಬಿಂಬ ಮಾತ್ರ ಸ್ತನ ಉಳಿದವರಲ್ಲಿ ಉತ್ತಮವಾಗಿತ್ತು. ಹಾಗೆಂದು ಈ ವರ ಎಲ್ಲರಿಗೂ ಸಿಗುವಂಥದ್ದಾಗಿರಲಿಲ್ಲ. ಸ್ತನ ಉಳಿಸಬೇಕಾದರೆ ಗೆಡ್ಡೆ ಚಿಕ್ಕದಾಗಿರಬೇಕು, ಅಂದರೆ ಬೇಗ ಬರಬೇಕು. ಜೊತೆಗೆ ವಾರಗಟ್ಟಲೆ ದಿನಾಲೂ ವಿಕಿರಣ ಪಡೆಯಬೇಕು, ಅಂದರೆ ಯಂತ್ರದ ಬಳಿ ನೆಲೆ ಬೇಕು. ಬೀದರಿನಿಂದಲೋ ಕಾರವಾರದಿಂದಲೋ ಬಂದ ಹೆಂಗಸು ಒಂದೂವರೆ ತಿಂಗಳು ಬೆಂಗಳೂರಿನ ಧರ್ಮಶಾಲೆಯಲ್ಲಿ ಉಳಿಯಲಾರದೆ, ಮನೆಯಲ್ಲಿ ಹಸು ಕರು ಮಕ್ಕಳಿರುವಾಗ ಪೂರ್ತಿ ತೆಗೆದುಬಿಡಿ ಎಂದು ಒಪ್ಪಿಕೊಳ್ಳುವುದು ಮನೋವಿಜ್ಞಾನದ ವಿಷಯವಾಗುವುದಕ್ಕೆ ಮೊದಲು ಬಸ್ಸಿನ, ಕೂಲಿಯ ಮತ್ತು ರಜೆಯ ವಿಷಯ.

ಬೇಗ ಬರುವ ಪ್ರಶ್ನೆಯೇ ಕತಾರಿನಲ್ಲಿಯೂ ನಿರ್ಣಾಯಕವಾಗಿತ್ತು. ಟ್ಯಾಮ್ ಟ್ರುವಾಂಗ್ ಡಾನೆಲಿ ಅವರ ತಂಡ 2011ರ ಮಾರ್ಚಿನಿಂದ ಜುಲೈವರೆಗೆ ಕತಾರಿನಲ್ಲಿ ವಾಸಿಸುವ, 35 ವರ್ಷ ದಾಟಿದ 1,063 ಅರಬ್ ಹೆಂಗಸರನ್ನು ಪ್ರಶ್ನಿಸಿದಾಗ ಅವರಲ್ಲಿ ಶೇ. 90.7 ಮಂದಿ ಸ್ತನ ಕ್ಯಾನ್ಸರಿನ ಬಗ್ಗೆ ಕೇಳಿ ಬಲ್ಲವರಾಗಿದ್ದರು. ತಿಂಗಳಿಗೊಮ್ಮೆ ತಮ್ಮ ಸ್ತನವನ್ನು ತಾವೇ ಪರೀಕ್ಷಿಸಿಕೊಳ್ಳುತ್ತಿದ್ದವರು ಶೇ. 13.8 ಮಾತ್ರ. ಈ ಅಂತರವನ್ನು ಬರಿಯ ಅಜ್ಞಾನವೆಂದು ಕರೆಯುವಂತಿಲ್ಲ. ಅರಬ್ ಹೆಂಗಸರನ್ನು ಕುರಿತ ಅಧ್ಯಯನಗಳು ಮತ್ತೆ ಮತ್ತೆ ಎತ್ತಿಹೇಳಿರುವ ಕಾರಣಗಳೆಂದರೆ ಗಂಡುವೈದ್ಯನ ಮುಂದೆ ಎದೆ ತೆರೆಯುವ ಸಂಕೋಚ, ರೋಗ ಖಚಿತವಾದರೆ ಗಂಡ ಬಿಟ್ಟಾನು ಅಥವಾ ಎರಡನೆಯ ಮದುವೆಯಾದಾನು ಎಂಬ ಭಯ, ವಂಶದ ರೋಗವೆಂದು ತಿಳಿದು ಹೆಣ್ಣುಮಕ್ಕಳ ಸಂಬಂಧ ಕೂಡಿಬಾರದೆಂಬ ಕಾಳಜಿ. ಕೊನೆಯದನ್ನು ಕನ್ನಡ ಕುಟುಂಬಗಳು ಇದೇ ಮಾತಿನಲ್ಲಿ ಆಡುತ್ತವೆ. ಹೀಗೆ ಕುಟುಂಬದ ಮಾನಕ್ಕಾಗಿ ಮುಚ್ಚಿಟ್ಟದ್ದು ಗಂಟನ್ನು ಬೆಳೆಸಿತು, ಬೆಳೆದ ಗಂಟು ದೊಡ್ಡ ಶಸ್ತ್ರವನ್ನು ಕರೆಯಿತು, ದೊಡ್ಡ ಗಾಯ ಮತ್ತಷ್ಟು ಮುಚ್ಚಿಡುವುದನ್ನು ಬೇಡಿತು. ಈ ಸುತ್ತನ್ನು ಕತ್ತರಿಸುವ ಯತ್ನವಾಗಿ 1997ರಲ್ಲಿ ಕತಾರ್ ಕ್ಯಾನ್ಸರ್ ಸೊಸೈಟಿ, 2011ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಕಾರ್ಯನೀತಿ, 2010ರ ದಶಕದ ಮಧ್ಯದಲ್ಲಿ ಆರೋಗ್ಯ ಕೇಂದ್ರಗಳಲ್ಲೇ 45ರಿಂದ 69 ವಯಸ್ಸಿನ ಹೆಂಗಸರಿಗೆ ಮ್ಯಾಮೊಗ್ರಾಮ್ ಮಾಡುವ ಸ್ಕ್ರೀನ್ ಫಾರ್ ಲೈಫ್ ಯೋಜನೆ ಬಂದವು.

ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಬಟ್ಟೆಯ ಪಾತ್ರ ದೊಡ್ಡದು. ಕತಾರಿ ಹೆಂಗಸು ಹೊರಗೆ ತೊಡುವ ಸಡಿಲವಾದ ಕಪ್ಪು ಅಬಾಯಾ ಎದೆಯ ಏರುಪೇರನ್ನು ಪೂರ್ತಿ ಮರೆಸುವುದರಿಂದ, ಈ ಸಮಾಜದಲ್ಲಿ ದೇಹಬಿಂಬದ ಪೆಟ್ಟು ಕಡಿಮೆಯೆಂದು ಹೊರಗಿನವರು ತರ್ಕಿಸಬಹುದು. ಆ ತರ್ಕ ಅರ್ಧ ಮಾತ್ರ ಸರಿ. ಅಬಾಯಾ ಕಳಚುವ ಜಾಗವೆಂದರೆ ಹೆಂಗಸರೇ ಸೇರುವ ಮದುವೆಯ ಸಭೆ. ಅಲ್ಲಿ ಮೈಗೊಪ್ಪುವ, ಕುತ್ತಿಗೆ ತೆರೆದ ಬೆಲೆಬಾಳುವ ಉಡುಪು ತೊಟ್ಟು ಬರುವುದು ರೂಢಿಯಾಗಿದ್ದು, ಹೆಂಗಸರ ನೋಟಕ್ಕೆ ಹೆಂಗಸರು ಹೆಚ್ಚು ತೆರೆದುಕೊಳ್ಳುವುದೂ ಅಲ್ಲಿಯೇ. ಬೀದಿಯಲ್ಲಿ ನಿರಾಳವಾಗಿದ್ದವಳು ಮದುವೆಯ ಆಮಂತ್ರಣವನ್ನು ತಪ್ಪಿಸಿಕೊಳ್ಳುವುದಕ್ಕೆ ಕಾರಣ ಹುಡುಕುತ್ತಾಳೆ. ಸೀರೆಯುಡುವವಳ ಸ್ಥಿತಿ ಇದಕ್ಕೆ ತಿರುಗಮುರುಗ: ಸೆರಗನ್ನು ಎರಡೂ ಹೆಗಲಿಗೆ ಹೊದ್ದುಕೊಂಡರೆ ಸಭೆಯಲ್ಲಿ ಸುರಕ್ಷಿತ, ಆದರೆ ರವಿಕೆಯ ಅಳತೆ ಕೊಡುವಾಗ ದರ್ಜಿಗೆ ಹೇಳಲೇಬೇಕು. ಹಲವರು ಹಳೆಯ ರವಿಕೆಯನ್ನೇ ಅಳತೆಗೆ ಕೊಟ್ಟು, ಖಾಲಿ ಉಳಿದ ಬದಿಗೆ ಹತ್ತಿಯನ್ನೋ ಮಡಿಸಿದ ಮೆತ್ತನೆಯ ಬಟ್ಟೆಯನ್ನೋ ತುಂಬಿಕೊಳ್ಳುತ್ತಾರೆ. ಹಗುರವಾದ ಹತ್ತಿ ಕೈ ಎತ್ತಿದಾಗ ಮೇಲಕ್ಕೇರುತ್ತದೆ. ಸಿಲಿಕೋನಿನ ಕೃತಕ ಸ್ತನಕ್ಕೆ ತೂಕವಿರುವುದರಿಂದ ಜಾಗದಲ್ಲಿ ನಿಂತು ಹೆಗಲಿನ ಸಮತೋಲವನ್ನೂ ಕಾಯುತ್ತದೆ, ಆದರೆ ಕೊಲ್ಲಿಯ ಬೇಸಿಗೆಯಲ್ಲಾಗಲಿ ಮಂಗಳೂರಿನ ಸೆಕೆಯಲ್ಲಾಗಲಿ ಅದರ ಕೆಳಗೆ ಬೆವರು ಕಟ್ಟಿ ಚರ್ಮ ಕೆರೆಯುತ್ತದೆ.

ಸ್ತನವನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆಯ ದಾರಿಯೂ ತೆರೆದಿತ್ತು. ಸಿಲಿಕೋನಿನ ಮೊದಲ ಕಸಿ 1962ರಲ್ಲಿ ಅಮೆರಿಕೆಯ ಹೂಸ್ಟನ್ನಿನಲ್ಲಿ ನಡೆಯಿತು, ಹೊಟ್ಟೆಯ ಚರ್ಮ ಕೊಬ್ಬುಗಳಿಂದ ಸ್ತನ ರೂಪಿಸುವ ವಿಧಾನ 1980ರ ದಶಕದಲ್ಲಿ ಬಳಕೆಗೆ ಬಂತು. ದೇವರು ಕೊಟ್ಟ ರೂಪವನ್ನು ಬದಲಿಸುವುದು ಸಲ್ಲದೆಂದು ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಸಂಶಯದಿಂದ ನೋಡುವ ಧರ್ಮನಿಷ್ಠರಿಗೆ ಇದು ನಿಜವಾದ ತೊಡಕಾಗಿತ್ತು. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ ಅಕಾಡೆಮಿ, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರವನ್ನು ವ್ಯಾಖ್ಯಾನಿಸುವ ವಿದ್ವಾಂಸರ ಮಂಡಳಿ, 2007ರಲ್ಲಿ ಮಲೇಷಿಯಾದ ಪುತ್ರಜಯದಲ್ಲಿ ಸೇರಿ, ರೋಗದಿಂದ ಅಥವಾ ಅಪಘಾತದಿಂದ ಬಂದ ಊನವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಸಮ್ಮತವೆಂದು ನಿರ್ಣಯಿಸುವಾಗ, ಛೇದಿಸಿದ ಸ್ತನದ ಪುನರ್ನಿರ್ಮಾಣವನ್ನು ಹೆಸರಿಸಿಯೇ ಸೇರಿಸಿತು. ಹೀಗೆ ಹೆಂಗಸಿನ ಆಕಾಂಕ್ಷೆಗೆ ಸೊಗಸಿನ ಹೆಸರಿಗೆ ಬದಲಾಗಿ ಚಿಕಿತ್ಸೆಯ ಹೆಸರು ದೊರೆತದ್ದು ಸಣ್ಣ ಸಂಗತಿಯಲ್ಲ, ಏಕೆಂದರೆ ಮನೆಯ ಹಿರಿಯರ ಮುಂದೆ ಎತ್ತಿಹೇಳಬಹುದಾದ ಆಧಾರ ಅವಳಿಗೆ ಸಿಕ್ಕಂತಾಯಿತು.

ದೇಹಬಿಂಬವನ್ನು ಅಳೆಯುವ ಮಾಪಕಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಇಂಗ್ಲೆಂಡಿನ ಪೆನೆಲೊಪಿ ಹಾಪ್‌ವುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಹತ್ತು ಪ್ರಶ್ನೆಗಳ ಪಟ್ಟಿ. ಬೆತ್ತಲೆಯಾಗಿ ತನ್ನನ್ನು ತಾನು ನೋಡಿಕೊಳ್ಳುವುದು ಕಷ್ಟವೇ ಎಂಬುದು ಅದರಲ್ಲೊಂದು ಪ್ರಶ್ನೆ. ಇದು ಒಂಟಿಯಾಗಿರಬಹುದಾದ ಕೋಣೆಯನ್ನೂ ಆಳೆತ್ತರದ ಕನ್ನಡಿಯನ್ನೂ ಮೊದಲೇ ಊಹಿಸಿಕೊಂಡ ಪ್ರಶ್ನೆ. ಕೂಡುಕುಟುಂಬದ ಮನೆಯಲ್ಲಿ ಬಚ್ಚಲಿನ ಮಬ್ಬು ಬೆಳಕಿನಲ್ಲಿ ಬೇಗ ಬೇಗ ಸ್ನಾನ ಮುಗಿಸುವವಳಿಗೂ, ಮಾಲೀಕರ ಮನೆಯಲ್ಲಿ ಸಣ್ಣ ಕೋಣೆಯೊಂದನ್ನು ಇನ್ನೊಬ್ಬಳೊಡನೆ ಹಂಚಿಕೊಂಡ ಮನೆಗೆಲಸದವಳಿಗೂ ಆ ಪ್ರಶ್ನೆಗೆ ಕೊಡಲು ಉತ್ತರವೇ ಇರಲಾರದು, ಅಂಕ ಮಾತ್ರ ಬೀಳುತ್ತದೆ.

ಈ ಕೊನೆಯವಳೂ ಮುಶೈರಿಬ್‌ನ ಚರಿತ್ರೆಗೆ ಸೇರಿದವಳು. ಹಳೆಯ ಕತಾರಿ ಕುಟುಂಬಗಳು ತೈಲದ ಹಣ ಬಂದಂತೆ ಊರಾಚೆಯ ಬಂಗಲೆಗಳಿಗೆ ಸ್ಥಳಾಂತರಗೊಂಡ ಮೇಲೆ ಕೇರಿಯ ಮನೆಗಳು ದಕ್ಷಿಣ ಏಷ್ಯಾದ ಕೆಲಸಗಾರರ ಬಾಡಿಗೆ ಕೋಣೆಗಳಾದವು. ಅಗ್ಗದ ಹೋಟೆಲುಗಳು, ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಊರಿಗೆ ಹಣ ಕಳಿಸುವ ವಿನಿಮಯ ಕೇಂದ್ರಗಳ ನಡುವೆ ಕರಾವಳಿ ಕರ್ನಾಟಕದವರೂ ಓಡಾಡಿದರು. 2010ರಿಂದ ಮುಶೈರಿಬ್ ಪ್ರಾಪರ್ಟೀಸ್ ಎಂಬ ಸಂಸ್ಥೆ ಸುಮಾರು 31 ಹೆಕ್ಟೇರ್ ಜಾಗವನ್ನು ಕೆಡವಿ ಹೊಸ ನಗರಭಾಗವನ್ನು ಕಟ್ಟಿದಾಗ ಆ ಕೋಣೆಗಳೂ ಹೋದವು, ನಾಲ್ಕು ಹಳೆಯ ಮನೆಗಳು ವಸ್ತುಸಂಗ್ರಹಾಲಯಗಳಾಗಿ ಉಳಿದವು. ಅಲ್ಲಿ ಬಾಡಿಗೆಗಿದ್ದವರಲ್ಲಿ ಗಂಡಸರೇ ಹೆಚ್ಚಾಗಿದ್ದರು. ಕುಟುಂಬ ಕರೆಸಿಕೊಳ್ಳುವಷ್ಟು ಸಂಬಳವಿದ್ದವರು ನಗರದ ಬೇರೆ ಭಾಗಗಳ ಫ್ಲ್ಯಾಟುಗಳಲ್ಲಿ ನೆಲೆಸಿದರು. ಕನ್ನಡ ಕುಟುಂಬಗಳಲ್ಲಿ ಹೆಂಡತಿಗೆ ಸ್ತನ ಕ್ಯಾನ್ಸರ್ ಪತ್ತೆಯಾದರೆ ದೋಹಾದಲ್ಲೇ ಚಿಕಿತ್ಸೆ ಮಾಡಿಸುವುದೋ, ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗುವುದೋ ಎಂಬ ಚರ್ಚೆ ತಪ್ಪಿದ್ದಲ್ಲ. ಊರಿಗೆ ಹೋದರೆ ತಾಯಿ, ಅಕ್ಕತಂಗಿಯರ ಆರೈಕೆ ಸಿಗುತ್ತದೆ, ಭಾಷೆಯ ತೊಡಕಿಲ್ಲ; ಅದರ ಜೊತೆಗೇ ನೋಡಲು ಬರುವ ನೆಂಟರ ಸಾಲು, ಅವರ ಕನಿಕರದ ಮಾತು, ದೋಹಾದಲ್ಲಿ ಕೆಲಸಕ್ಕೆ ಅಂಟಿಕೊಂಡ ಗಂಡನೊಡನೆ ಫೋನಿನಲ್ಲಷ್ಟೇ ಸಾಗುವ ದಾಂಪತ್ಯವೂ ಬರುತ್ತವೆ. ದೋಹಾದಲ್ಲೇ ಉಳಿದರೆ ನೆರೆಹೊರೆಗೆ ಸುದ್ದಿ ಹರಡದೆ ಕಳೆಯಬಹುದು, ಆದರೆ ಕಂಕುಳಿನಿಂದ ದ್ರವ ಹೊರತರುವ ನಳಿಕೆಯ ಚೀಲವನ್ನು ಖಾಲಿಮಾಡಿ ಅಳತೆ ಬರೆದುಕೊಳ್ಳುವುದಕ್ಕೂ, ಮಕ್ಕಳನ್ನು ಶಾಲೆಗೆ ಕಳಿಸುವುದಕ್ಕೂ ಅವರಿಬ್ಬರೇ. ಮೊದಲ ಸಲ ಗಾಯವನ್ನು ನೋಡುವ ಗಂಡ ಇಲ್ಲಿ ದಾದಿಯ ಕೆಲಸವನ್ನೂ ಮಾಡುತ್ತಾನೆ. ಅವನ ಮುಖದಲ್ಲಿ ಆ ಗಳಿಗೆ ಕಂಡದ್ದು ಹೆಂಡತಿಯ ದೇಹಬಿಂಬದಲ್ಲಿ ಬಹುಕಾಲ ಉಳಿಯುತ್ತದೆಂಬುದನ್ನು ಶಿಲ್ಡರ್‌ನ ಸಿದ್ಧಾಂತ ಓದದವರೂ ಬಲ್ಲರು. ಮನೆಗೆಲಸದ ಹೆಂಗಸಿಗೆ ಈ ಎರಡು ದಾರಿಗಳ ಆಯ್ಕೆಯೂ ಕಿರಿದು: 2017ರ ಕಾನೂನು ಅವಳ ವೈದ್ಯಕೀಯ ಆರೈಕೆಯನ್ನು ಮಾಲೀಕರ ಹೊಣೆಯೆಂದು ಹೇಳಿದೆ, ಆದರೆ ಕೈ ಎತ್ತಲಾಗದ ತಿಂಗಳುಗಳಲ್ಲಿ ಅವಳ ಕೆಲಸ ಉಳಿಯುವುದೇ ಎಂಬುದು ಬೇರೆಯೇ ಪ್ರಶ್ನೆ.

2019ರಲ್ಲಿ ಆರಂಭವಾದ ದೋಹಾ ಮೆಟ್ರೋದ ಮೂರು ಮಾರ್ಗಗಳು ಕೂಡುವ ನಿಲ್ದಾಣ ಮುಶೈರಿಬ್‌ನದೇ. ಅಲ್ಲಿ ಹಸಿರು ಮಾರ್ಗ ಹತ್ತಿದವರು ಕೆಲವೇ ನಿಮಿಷಗಳಲ್ಲಿ ಹಮದ್ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿಯುತ್ತಾರೆ. ದೂರದ ಸಮಸ್ಯೆ ಹೀಗೆ ಬಗೆಹರಿದ ಮೇಲೆ ಉಳಿದದ್ದು ವಯಸ್ಸಿನದು. ಪಾಶ್ಚಾತ್ಯ ದೇಶಗಳ ಹೆಂಗಸರಿಗಿಂತ ಸರಾಸರಿ ಸುಮಾರು ಹತ್ತು ವರ್ಷ ಮೊದಲೇ ಸ್ತನ ಕ್ಯಾನ್ಸರ್ ಅರಬ್ ಮತ್ತು ಭಾರತೀಯ ಹೆಂಗಸರಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಕತಾರಿನಲ್ಲಿ ದುಡಿಯುವ ವಲಸಿಗರು ಬಹುಮಟ್ಟಿಗೆ ಹರೆಯದವರು, ನಡುವಯಸ್ಸಿನ ಆರಂಭದಲ್ಲಿರುವವರು. ಮೂವತ್ತೆಂಟರ ದಾದಿಗಾಗಲಿ ನಲವತ್ತೆರಡರ ಗೃಹಿಣಿಗಾಗಲಿ 45ರಿಂದ ಶುರುವಾಗುವ ತಪಾಸಣೆಯ ಆಮಂತ್ರಣ ಬರುವುದಿಲ್ಲ; ಹೀಗಾಗಿ ಗಂಟನ್ನು ತಾನೇ ಕೈಯಿಂದ ಮುಟ್ಟಿ ಗುರುತಿಸಿ, ತಾನೇ ಬಾಯಿಬಿಟ್ಟು ಹೇಳಿ, ತಾನೇ ವೈದ್ಯರ ಸಮಯ ಕೇಳಿ ಪಡೆಯುವ ಕೆಲಸ ಅವಳ ಪಾಲಿಗೆ ಈಗಲೂ ಉಳಿದಿದೆ, ಮತ್ತು ಅವಳ ಗಾಯದ ಅಳತೆ ನಿರ್ಧಾರವಾಗುವುದು ಆ ಕೆಲವು ವಾರಗಳಲ್ಲಿ.